ಸುಣ್ಣದ ಗೆರೆಯಾಚೆ ಮಂದೆ

ಕುರಿ ಕಾಯುವವರಲ್ಲಿ ಒಂದು ಕಟ್ಟುಪಾಡು: ಮಂದೆಯನ್ನು ಒಂದು ಗಳಿಗೆಯೂ ಒಂಟಿಯಾಗಿ ಬಿಡುವಂತಿಲ್ಲ. ಮದುವೆಯಿರಲಿ, ಸಾವಿರಲಿ, ಒಬ್ಬರು ಹೋದರೆ ಇನ್ನೊಬ್ಬರು ಉಳಿಯಬೇಕು. ಓಟಿನ ದಿನ ಉಳಿಯುವವಳು ಯಾವಾಗಲೂ ಈರಕ್ಕನೇ. ಮದುವೆಯಾದ ಮೇಲೆ ದಿಲ್ಲಿಯದು, ಬೆಂಗಳೂರಿನದು ಸೇರಿ ಆರು ಚುನಾವಣೆ ಬಂದು ಹೋಗಿದ್ದವು. ಮಧ್ಯಾಹ್ನಕ್ಕೆ ಬಂದುಬಿಡುತ್ತೇನೆ, ಆಮೇಲೆ ನೀನು ಹೋಗು ಎಂದು ಗಂಡ ಓಬಣ್ಣ ಪ್ರತಿ ಸಲವೂ ಹೇಳಿ ಹೋಗುತ್ತಿದ್ದ. ಅವನು ಬರುವಷ್ಟರಲ್ಲಿ ಬೂತಿನ ಬಾಗಿಲು ಹಾಕಿರುತ್ತಿತ್ತು.

ಈ ಸಲ ಮಂದೆ ಮಾರಿಕಣಿವೆ ಹಿನ್ನೀರಿನ ದಂಡೆಯಲ್ಲಿ ಬೀಡುಬಿಟ್ಟಿತ್ತು. ಅಲ್ಲಿಂದ ಅವರ ಊರಾದ ಹಟ್ಟಿಗೆ ಮೂರು ಗಂಟೆಯ ನಡಿಗೆ. ಹದಿನೈದು ದಿನದಿಂದ ಹಿರಿಯೂರು ಕಡೆಯ ಆಟೋಗಳು ತಾಯಂದಿರೇ, ಅಕ್ಕಂದಿರೇ, ದೇಶ ನಿಮ್ಮ ಕೈಯಲ್ಲಿದೆ ಎಂದು ಮೈಕಿನಲ್ಲಿ ಕೂಗಿಕೊಂಡು ಓಡಾಡಿದ್ದವು. ಯಾವ ಪಕ್ಷದವನೂ ಆಟೋ ನಿಲ್ಲಿಸಿ, ನೀನು ಹೋದರೆ ಕುರಿ ನೋಡುವವರು ಯಾರವ್ವ ಎಂದು ಕೇಳಿರಲಿಲ್ಲ.

ಓಟಿನ ದಿನ ಓಬಣ್ಣ ನಸುಕಿನಲ್ಲೇ ಹೊರಟುಹೋದ. ಈರಕ್ಕ ಗುರುತಿನ ಚೀಟಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ದಾರಿ ನೋಡಿದಳು. ಹೊತ್ತು ನೆತ್ತಿಗೆ ಬಂತು. ಫೋನು ಮಾಡಿದರೆ ಅವನು ಎತ್ತಲಿಲ್ಲ. ಇನ್ನೂ ಒಂದಷ್ಟು ಹೊತ್ತು ಕಾದಳು. ಆಮೇಲೆ ಸಿಟ್ಟೇನೂ ಮಾಡಿಕೊಳ್ಳದೆ ಕೋಲು ತೆಗೆದುಕೊಂಡು, ಇಡೀ ಮಂದೆಯನ್ನೇ ಎಬ್ಬಿಸಿ ಹಟ್ಟಿಯ ದಾರಿಗೆ ತಿರುಗಿಸಿದಳು. ಒಂಟಿಯಾಗಿ ಬಿಡಬಾರದು ಅಷ್ಟೇ ತಾನೆ. ಜೊತೆಯಲ್ಲಿ ಹೊಡೆದುಕೊಂಡು ಹೋಗಬಾರದೆಂದು ಯಾರೂ ಹೇಳಿಲ್ಲವಲ್ಲ.

ಬೂತು ಇದ್ದದ್ದು ಹಟ್ಟಿಯ ಶಾಲೆಯಲ್ಲಿ. ಅದಕ್ಕೆ ನೂರು ಮೀಟರ್ ದೂರದಲ್ಲಿ ಸುಣ್ಣದ ಗೆರೆ ಎಳೆದಿದ್ದರು. ಪೊಲೀಸಿನವನು ಅಡ್ಡ ಬಂದು, ಗೆರೆ ದಾಟುವುದು ಓಟಿದ್ದವರು ಮಾತ್ರ, ಕುರಿಯಲ್ಲ ಎಂದ. ಈರಕ್ಕ ತಲೆಯಾಡಿಸಿದಳು, ಅವನ ಮಾತು ಸರಿಯಾಗಿಯೇ ಇತ್ತು. ಐದು ಗಂಟೆಯಾಗಿತ್ತು. ಆರಕ್ಕೆ ಬೂತು ಮುಚ್ಚುತ್ತದೆ.

ಗೆರೆಯ ಈಚೆಗೇ ಬೇವಿನ ನೆರಳಿನಲ್ಲಿ, ಬೆರಳಿಗೆ ಶಾಯಿ ಹಚ್ಚಿಸಿಕೊಂಡ ಗಂಡಸರು ಯಾರು ಗೆಲ್ಲುತ್ತಾರೆಂದು ವಾದಿಸುತ್ತ ಕೂತಿದ್ದರು. ಅವರ ನಡುವೆ ಓಬಣ್ಣ. ಈರಕ್ಕ ಅವನ ಮುಂದೆ ಹೋಗಿ ಕೋಲು ಚಾಚಿದಳು.

"ಹಿಡ್ಕಳ್ರಿ. ಮಂದೆ ನೋಡ್ಕಳ್ರಿ."

ಓಬಣ್ಣ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಇಷ್ಟು ಜನದ ಮುಂದೆನಾ? ನಗ್ತಾರೆ ಕಣೇ."

"ಆರು ಸಲ ನಾನು ಕಾಯ್ದೆ. ಒಬ್ರೂ ನಗ್ಲಿಲ್ಲ."

ಪಕ್ಕದಲ್ಲಿದ್ದ ಮುದುಕ ಪಾಲಯ್ಯ, "ಏಳಲೇ ಓಬ, ನಿನ್ ಸರ್ಕಾರ ಬಂದೈತೆ" ಎಂದ. ಎಲ್ಲರೂ ನಕ್ಕರು. ಓಬಣ್ಣ ಎದ್ದು ಕೋಲು ಹಿಡಿದ.

ಈರಕ್ಕ ಗೆರೆ ದಾಟಿ ಹೆಂಗಸರ ಸಾಲಿನ ಕೊನೆಗೆ ನಿಂತಳು. ನಿನ್ನ ಕುರಿ ಕಾಯುತ್ತಿವೆ, ಮುಂದೆ ಹೋಗು ಎಂದು ಅವರು ಜಾಗ ಬಿಟ್ಟರೂ ಬೇಡವೆಂದಳು. ಟಗರೊಂದು ಗೆರೆ ದಾಟಿತೆಂದು ಪೊಲೀಸಿನವನು ಗದರುವುದು ಬೆನ್ನ ಹಿಂದೆ ಕೇಳಿಸಿತು. ಓಬಣ್ಣ ಚಪ್ಪಲಿ ಬಡಿಯುತ್ತ ಓಡಿದ್ದೂ ಕೇಳಿಸಿತು. ಅವಳು ತಿರುಗಿ ನೋಡಲಿಲ್ಲ. ತನ್ನ ಸರದಿ ಬಂದಾಗ ಗುಂಡಿ ಒತ್ತಿ, ಯಂತ್ರದ ಆ ಉದ್ದನೆಯ ಸದ್ದು ಪೂರ್ತಿ ನಿಲ್ಲುವ ತನಕ ಅಲ್ಲೇ ನಿಂತಿದ್ದಳು.