ತಲೆಯಿಲ್ಲದ ಆಡು

ಆಡು ಹತ್ತದ ಗುಡ್ಡವಿಲ್ಲ. ಹತ್ತಿದ್ದು ಇಳಿಯುತ್ತದೆಂದು ಮಾತ್ರ ಯಾರೂ ಭಾಷೆ ಕೊಟ್ಟಿಲ್ಲ. ನಾನು ಹೇಳಹೊರಟ ಆಡಿಗೆ ನಾಲ್ಕು ಚಕ್ರ, ಒಂದು ಸ್ಟೀರಿಂಗು. ಕಥೆ ಪೂರ್ತಿ ನಿಜ. ಸಾಕ್ಷಿ ಬೇಕಾದವರು ನಮ್ಮ ಸಾರಿ-ಬುಲಾಕ್ ಹುಲ್ಲುಗಾವಲಿಗೆ ಬಂದು ಬುರುಲ್ ಅತ್ತೆಯನ್ನು ಕೇಳಿ. ಮೊದಲು ಬೈಯುತ್ತಾಳೆ, ಆಮೇಲೆ ಹೇಳುತ್ತಾಳೆ.

ಗಾಡಿ ನನ್ನ ಸೋದರಮಾವ ಸಗಿನಾಲಿಯದು. ಸೋವಿಯತ್ ಕಾಲದ ಜೀಪು, ಮೇಲೆ ಕ್ಯಾನ್ವಾಸು. ಕಲ್ಲು ಕಂಡಲ್ಲೆಲ್ಲ ಕುಪ್ಪಳಿಸುತ್ತದೆಂದು ನಮ್ಮ ಕಡೆ ಅಂಥ ಗಾಡಿಗೆ ಆಡು ಅಂತಲೇ ಹೆಸರು. ಮಾವ ಅದರ ಗುಣಗಾನಕ್ಕೆ ಕೂತರೆ ಎದುರಿಗಿದ್ದ ಚಹಾ ತಣ್ಣಗಾಗುತ್ತಿತ್ತು.

"ಮುಚ್ಚಿದ ಕಾರಲ್ಲಿ ಕೂತ್ರೆ ಡಬ್ಬಿಯೊಳಗಿನ ಮೀನಾಗ್ತೀವಪ್ಪ. ಇದ್ರಲ್ಲಿ ಕೂತ್ರೆ ಕುದುರೆ ಮೇಲೆ ಕೂತಂಗೆ. ಆಕಾಶ ಕಾಣುತ್ತೆ, ಗುಡ್ಡದ ಮೇಲಿನ ಕುರಿ ಕಾಣುತ್ತೆ. ಗುಡಾರದ ನೆತ್ತಿಗೆ ಇಡೋ ಮರದ ಚಕ್ರ ಇದೆಯಲ್ಲ, ಅದು ಬೇರೆ ಯಾವ ಕಾರಿಗೆ ಹಿಡಿಸುತ್ತೆ ಹೇಳು ನೋಡೋಣ?"

"ಹೌದೌದು," ಅತ್ತೆ ಒಲೆಯ ಹತ್ತಿರದಿಂದಲೇ ಅನ್ನುತ್ತಿದ್ದಳು. "ಮಳೇನೂ ಹಿಡಿಸುತ್ತೆ, ಧೂಳೂ ಹಿಡಿಸುತ್ತೆ, ನನಗೆ ಸೊಂಟನೋವನ್ನೂ ಹಿಡಿಸುತ್ತೆ."

ಆ ಬೇಸಿಗೆ ಇದ್ದ ಕ್ಯಾನ್ವಾಸೂ ಹೋಯಿತು. ಗಟ್ಟಿ ಮೊಸರಿಗೆ ಉಪ್ಪು ಕಲಸಿ ಉಂಡೆ ಕಟ್ಟಿದ ಕುರುತನ್ನು ಅತ್ತೆ ನಾಯಿಗೆ ಎಟುಕದಿರಲೆಂದು ಜೀಪಿನ ನೆತ್ತಿಯ ಮೇಲೆ ಒಣಹಾಕಿದ್ದಳು. ನಾಯಿಗೆ ಎಟುಕಲಿಲ್ಲ, ಹಸುವಿಗೆ ಎಟುಕಿತು. ಉಂಡೆ ಮುಗಿಸಿ, ಉಪ್ಪುನೀರು ಕುಡಿದ ಬಟ್ಟೆಯನ್ನು ನೆಕ್ಕಿ, ರುಚಿ ಹತ್ತಿ ಅದನ್ನೂ ಅಗಿದುಬಿಟ್ಟಿತು. ತಪ್ಪು ಯಾರದೆಂದು ಗಂಡ ಹೆಂಡತಿ ವಾರಗಟ್ಟಲೆ ಜಗಳವಾಡಿದರು. ಹಸು ಮಾತ್ರ ಎಂದಿನಂತೆ ಹಾಲು ಕೊಡುತ್ತಿತ್ತು.

ಅಷ್ಟರಲ್ಲಿ ಅತ್ತೆಯ ತಮ್ಮ ಮಿರ್ಲಾನ್ ಪೇಟೆಯಿಂದ ಮಾತು ಕಳಿಸಿದ: ತನ್ನ ಬೂದುಬಣ್ಣದ ಮುಚ್ಚಿದ ಕಾರು ಕೊಡುತ್ತೇನೆ, ಬದಲಿಗೆ ಆಡು ಕೊಡಿ. ಗುಡ್ಡ ನೋಡಲು ಬರುವ ಪರದೇಶದವರಿಗೆ ತಲೆಯಿಲ್ಲದ ಗಾಡಿಯೇ ಇಷ್ಟವಂತೆ. ಮಾವ ಎರಡು ದಿನ ಊಟ ಬಿಟ್ಟ. ಕೊನೆಗೆ ಅತ್ತೆಯೇ ಒಂದು ದಾರಿ ಹೇಳಿದಳು.

ಅವರ ಮಗ ಎಲ್ದಿಯಾರನಿಗೆ ಪೇಟೆಯಲ್ಲಿ ಹೆಣ್ಣು ಗೊತ್ತಾಗಿತ್ತು, ಹುಡುಗಿಯ ಕಿವಿಗೆ ನಿಶ್ಚಯದ ಓಲೆ ತೊಡಿಸಿಯೂ ಆಗಿತ್ತು. ಹುಡುಗಿಯ ತಾಯಿ ಜಿಪಾರ್ ಮೊದಲ ಸಲ ನಮ್ಮ ಗುಡಾರಕ್ಕೆ ಬರುವವಳಿದ್ದಳು. ಪೇಟೆಯ ಟ್ಯಾಕ್ಸಿ ಸೇತುವೆಯವರೆಗೆ ಬಿಡುತ್ತದೆ. ಅಲ್ಲಿಂದ ಮೇಲಕ್ಕೆ ಆಡು, ಲಾರಿ ಬಿಟ್ಟರೆ ಬೇರೇನೂ ಹತ್ತುವುದಿಲ್ಲ.

"ನೋಡ್ರೀ," ಅಂದಳು ಅತ್ತೆ, "ನಮ್ಮ ಬೀಗತಿ ಟ್ಯಾಕ್ಸಿಯಿಂದ ಹೇಗೆ ಇಳಿದ್ಲೋ ಹಾಗೇ ನನ್ನ ಹೊಸ್ತಿಲಲ್ಲಿ ಇಳೀಬೇಕು. ಕೂದಲು ಕೆದರಿರಬಾರ್ದು, ಬಟ್ಟೆ ಕೊಳೆ ಆಗಿರಬಾರ್ದು. ಹಾಗೆ ತಂದ್ರೆ ಗಾಡಿ ನಿಮ್ಮದು, ಇನ್ನು ತುಟಿ ಬಿಚ್ಚಲ್ಲ. ಇಲ್ಲಾಂದ್ರೆ ಅವತ್ತೇ ಮಿರ್ಲಾನ್ ಕೈಗೆ ಕೀ."

ಮಾವ ಒಪ್ಪಿ ಕೈ ಮೇಲೆ ಕೈ ಇಟ್ಟ. ಅತ್ತೆ ಅದೇ ದಿನಕ್ಕೆ ತಮ್ಮನನ್ನೂ ಕರೆಸಿದಳು. ಕರೆಸಿದ ಮೇಲೆ ಗೊತ್ತಾಯಿತು, ಅವತ್ತೇ ಕಣಿವೆಯಲ್ಲಿ ಉಲಾಕ್ ಆಟ.

ತಲೆ ಕಡಿದು, ಹೊಟ್ಟೆ ಖಾಲಿ ಮಾಡಿ ಹೊಲಿದ ಆಡನ್ನು ಕುದುರೆ ಸವಾರರು ಒಬ್ಬರಿಂದೊಬ್ಬರು ಕಸಿದುಕೊಂಡು ಓಡುವ ಆಟ. ಕೊನೆಗೆ ಯಾರ ಕೈಯಲ್ಲಿ ಉಳಿಯುತ್ತದೋ ಅವರು ಬೇಕಾದವರ ಹೊಸ್ತಿಲಿಗೆ ತಂದು ಎಸೆಯುತ್ತಾರೆ. ಎಸೆದವರು ಕೇಳಿದ್ದನ್ನು ಆ ಮನೆಯವರು ಇಲ್ಲ ಎನ್ನುವಂತಿಲ್ಲ. ಮಾವನಿಗೆ ಆಟದ ಭಯವಿರಲಿಲ್ಲ. ಇದ್ದದ್ದು ಎರ್ಗೆಶನ ಭಯ.

ಎರ್ಗೆಶ್ ಆಟದ ಹುಲಿ, ಮೇಲಾಗಿ ಮಾವನ ಓರಗೆಯವನು. ಒಂದೇ ವರ್ಷ ಹುಟ್ಟಿದವರು ಒಬ್ಬರಿಗೊಬ್ಬರು ಏನು ಚೇಷ್ಟೆ ಮಾಡಿದರೂ ನಮ್ಮಲ್ಲಿ ಕೇಳುವವರಿಲ್ಲ. ಹೊಸ ಬೀಗರನ್ನು ಗೋಳುಹೊಯ್ದುಕೊಳ್ಳದೆ ಬಿಟ್ಟರಂತೂ ಊರಿಗೇ ಅವಮಾನ. ಹೋದ ವರ್ಷ ಒಬ್ಬ ಬೀಗನ ಕೋಟನ್ನು ಅವನು ನಿದ್ದೆಯಲ್ಲಿದ್ದಾಗ ಹಾಸಿಗೆಗೆ ಸೇರಿಸಿ ಹೊಲಿದಿದ್ದರು. ಬೆಳಿಗ್ಗೆ ಅವನು ಹಾಸಿಗೆ ಸಮೇತ ಎದ್ದು ಬಂದಿದ್ದ. ಸಿಟ್ಟು ಮಾಡುವ ಹಾಗಿಲ್ಲ. ಆದರೆ ಪೇಟೆಯ ಹೆಂಗಸಿಗೆ ಅದೆಲ್ಲ ಯಾರು ಹೇಳಬೇಕು?

"ಮುಚ್ಚಿದ ಕಾರಾಗಿದ್ರೆ ಗಾಜು ಏರಿಸಿ ಹೋಗಿಬಿಡ್ತಿದ್ದೆ," ಅಂದ ಮಾವ, ಸೇತುವೆಯತ್ತ ಇಳಿಯುವಾಗ. ತನ್ನ ಬಾಯಿಂದಲೇ ಬಂದ ಮಾತಿಗೆ ಬೆಚ್ಚಿ ನನ್ನ ಕಡೆ ತಿರುಗಿದ. "ಅತ್ತೆ ಮುಂದೆ ಇದನ್ನ ಅಂದ್ರೆ ಕಾಲು ಮುರೀತೀನಿ. ಆಟ ಶುರುವಾಗೋ ಮೊದಲೇ ವಾಪಸು ಆ ಬಯಲು ದಾಟಿಬಿಡೋಣ. ನೀನು ಕೊಡೆ ಗಟ್ಟಿ ಹಿಡಿ."

ಅತ್ತೆ ನನ್ನನ್ನು ಹಿಂದಿನ ಸೀಟಿನಲ್ಲಿ ಕೂರಿಸಿದ್ದೇ ಕೊಡೆಗಾಗಿ. ಕಾಲೇಜು ಓದಿದವನು, ಪೇಟೆಯವರ ಜೊತೆ ಮಾತಿಗೂ ಆದೀತು, ಛಾವಣಿಗೂ ಆದೀತು ಅಂತ.

ಸೇತುವೆಯ ಬಳಿ ಜಿಪಾರ್ ನಿಂತಿದ್ದಳು. ಬಿಳಿ ತಲೆವಸ್ತ್ರ, ಕಡುನೀಲಿ ಮಖಮಲ್ ಕೋಟು. ಪೇಟೆಯಲ್ಲಿ ಮದುವೆ ಬಟ್ಟೆ ಹೊಲಿಯುವ ಅಂಗಡಿ ಅವಳದು. ನೋಡುವ ನೋಟದಲ್ಲೇ ಮನುಷ್ಯನ ಅಳತೆ ತೆಗೆದುಕೊಳ್ಳುತ್ತಾಳೆ. ಜೀಪಿನ ಸುತ್ತ ಒಂದು ಸುತ್ತು ಬಂದಳು.

"ಬೀಗರೇ, ಇದರ ತಲೆ ಎಲ್ಲಿ?"

"ಹಸು ತಿಂತು," ಅಂದೆ ನಾನು, ಕುರುತಿನ ಕಥೆಯನ್ನೂ ಸೇರಿಸಿ.

ಅವಳು ನಗಲಿಲ್ಲ. ಮುಂದಿನ ಸೀಟಿನ ಸ್ಪ್ರಿಂಗು ಚುಚ್ಚುತ್ತದೆಂದು ಅತ್ತೆ ಹಿಂದೆ ರತ್ನಗಂಬಳಿ ಹಾಸಿದ್ದಳು. ಜಿಪಾರ್ ಅದರ ಮೇಲೆ ತನ್ನ ಕರವಸ್ತ್ರ ಹಾಸಿ, ಅದರ ಮೇಲೆ ಕೂತಳು. ನನ್ನ ಕೈಯಲ್ಲಿದ್ದ ಕೊಡೆಯನ್ನು ಒಮ್ಮೆ ನೋಡಿದಳು. ಮೊದಲ ತಿರುವಿನಲ್ಲೇ ಗಾಳಿ ಅದನ್ನು ಮಗುಚಿ ಹೂದಾನಿ ಮಾಡಿತು, ಎರಡನೇ ತಿರುವಿನಲ್ಲಿ ಕಿತ್ತುಕೊಂಡು ಹೋಯಿತು.

"ಚಳಿಯಾ ಬೀಗರೇ?" ಮಾವ ಕನ್ನಡಿಯಲ್ಲೇ ಕೇಳಿದ.

"ಇಲ್ಲ."

"ಧೂಳಾ?"

"ಇಲ್ಲ."

"ಕುಲುಕ್ತಾ?"

"ರಸ್ತೆ ನೋಡ್ಕೊಂಡು ಓಡಿಸಿ ಬೀಗರೇ."

ಅವಳ ಒಂದೊಂದು 'ಇಲ್ಲ'ಕ್ಕೂ ಮಾವನ ಕುತ್ತಿಗೆ ಕೋಟಿನೊಳಗೆ ಒಂದೊಂದು ಬೆರಳು ಇಳಿಯುತ್ತಿತ್ತು. ಎದುರಿಗೆ ಹುಲ್ಲು ಹೇರಿದ ಲಾರಿ ಬಂತು. ಧೂಳು ಏಳಿಸಬಾರದೆಂದು ಮಾವ ಜೀಪನ್ನು ಹೊಲಕ್ಕಿಳಿಸಿ ನಿಂತ. ಲಾರಿಯವನು ಮರ್ಯಾದೆಗೆಂದು ತಾನೂ ನಿಂತು ಮಗನ ಮದುವೆಯಿಂದ ಕುದುರೆಯ ಕೆಮ್ಮಿನವರೆಗೆ ಕ್ಷೇಮ ವಿಚಾರಿಸಿದ. ಆಮೇಲೆ ಅಡ್ಡಕ್ಕೆ ಕುರಿಹಿಂಡು. ನಾನು ತೋಳದ ಹಾಗೆ ಒಂದು ಊಳಿಟ್ಟೆ. ಊಳು ತೀರಾ ಚೆನ್ನಾಗಿ ಬಂತು. ಕುರಿಗಳು ದಾರಿ ಬಿಡುವ ಬದಲು ರಕ್ಷಣೆಗೆ ಜೀಪಿನ ಸುತ್ತಲೇ ಒತ್ತರಿಸಿಕೊಂಡವು.

"ನಿನ್ನ ಕಾಲೇಜಿಗೆ ಬೆಂಕಿ ಹಾಕ," ಮಾವ ಹಲ್ಲು ಕಚ್ಚಿದ. "ಹೊತ್ತಾಯ್ತು ಕಣೋ, ಹೊತ್ತಾಯ್ತು!"

ಪಶ್ಚಿಮದ ಶಿಖರದ ಮೇಲೆ ಕಪ್ಪು ಮೋಡ ಬೇರೆ. ಹೊಳೆ ದಾಟುವಾಗ ಮಾವ ಉಸಿರು ಬಿಗಿಹಿಡಿದು, ಮೊಟ್ಟೆಗಳ ಮೇಲೆ ನಡೆಯುವಂತೆ ಗಾಡಿ ನಡೆಸಿದ. ನೀರು ಬಾಗಿಲಿನ ಸಂದಿಯಿಂದ ಬಂದು ನನ್ನ ಬೂಟು ತೋಯಿಸಿತು. ಜಿಪಾರ್ ಕಾಲೆತ್ತಿ ಸೀಟಿನ ಮೇಲಿಟ್ಟುಕೊಂಡಳು. ಒಂದು ಹನಿಯೂ ತಾಗಲಿಲ್ಲ. ಆ ದಡ ಸೇರಿದಾಗ ಮಾವನ ಮುಖದಲ್ಲಿ ಮೊದಲ ಬಾರಿಗೆ ಕಳೆ ಕಂಡಿತು.

"ಇನ್ನೊಂದೇ ಏರು," ಅಂದ. "ಆಮೇಲೆ ನಮ್ಮ ಗುಡಾರ."

ಏರಿನ ನೆತ್ತಿಗೆ ಬಂದೆವು. ಕೆಳಗೆ ಬಯಲು ತುಂಬ ಕುದುರೆ. ಆಟ ಶುರುವಾಗಿದ್ದಷ್ಟೇ ಅಲ್ಲ, ಕಾದು ಕೆಂಪಾಗಿತ್ತು.

ಮಾವ ಎಂಜಿನ್ ನಿಲ್ಲಿಸಿದ. ಇಳಿಜಾರಿನಲ್ಲಿ ಸದ್ದಿಲ್ಲದೆ ಉರುಳಿಕೊಂಡೇ ಬಯಲಿನ ಅಂಚು ದಾಟಿಬಿಡುವ ಉಪಾಯ. ಅರ್ಧ ದಾರಿ ಉರುಳಿದೆವು. ಸ್ಟೀರಿಂಗ್ ಹಿಡಿದ ಅವನ ಗೆಣ್ಣುಗಳು ಕುರುತಿನ ಉಂಡೆಗಳ ಹಾಗೆ ಬೆಳ್ಳಗಾಗಿದ್ದವು. ಆಗ ಬಯಲಿನಿಂದ ಸಿಳ್ಳೆ.

"ಓಯ್ ಸಗಿನಾಲಿ! ಬೀಗತೀನ ಕದ್ದು ಸಾಗಿಸ್ತಿದೀಯೇನೋ? ಊರಿಗೊಂದು ಸಲಾಮೂ ಇಲ್ವಾ?"

ಎರ್ಗೆಶ್. ತೊಡೆಯಡಿಯಲ್ಲಿ ಆಡು ಸಿಗಿಸಿಕೊಂಡು, ಕುದುರೆಯನ್ನು ನಮ್ಮ ಪಕ್ಕಕ್ಕೇ ಓಡಿಸಿಕೊಂಡು ಬರುತ್ತಿದ್ದ. ಹಿಂದೆ ಇಡೀ ಕಣಿವೆಯ ಗಂಡಸರು.

"ಎರ್ಗೆಶ್, ನಿನ್ನ ದಮ್ಮಯ್ಯ!" ಮಾವ ಕೀ ತಿರುಗಿಸಿದ. ಎಂಜಿನ್ ಕೆಮ್ಮಿತು, ಗಾಡಿ ನಿಂತೇಹೋಯಿತು. "ಇವತ್ತೊಂದು ದಿನ ಬಿಟ್ಬಿಡೋ! ಬೇಕಾದ್ರೆ ನಾಳೆ ನನ್ನನ್ನೇ ಎತ್ಕೊಂಡ್ಹೋಗಿ ಹೊಳೇಗೆ ಹಾಕು! ಗಾಡಿ ಹೋಗುತ್ತೆ ಕಣೋ ನಂದು!"

"ನಿಂತಿರೋ ಗಾಡಿ ಎಲ್ಲಿಗೆ ಹೋಗುತ್ತೋ?" ಅಂದ ಎರ್ಗೆಶ್. ಕುದುರೆಯ ಮೇಲೆ ಎದ್ದು ನಿಂತು ಎರಡೂ ಕೈಯಲ್ಲಿ ಆಡನ್ನು ತೂಗಿದ. ಮುಚ್ಚಿದ ಕಾರಾಗಿದ್ದರೆ ಛಾವಣಿಯ ಮೇಲೆ ಧಡ್ ಎಂದು ಬಿದ್ದು ಉರುಳುತ್ತಿತ್ತೇನೋ. ನಮ್ಮದು ನೇರ ಒಳಗೆ ಬಂತು. ಸೊಂಟದವರೆಗಿನ ಭಾಗ ನನ್ನ ಮೇಲೆ. ಹಿಂಗಾಲುಗಳೆರಡೂ, ಕೆಸರು ರಕ್ತ ಸಮೇತ, ಕಡುನೀಲಿ ಮಖಮಲ್ಲಿನ ಮಡಿಲಲ್ಲಿ.

ನಕ್ಕವರು ಅರ್ಧಕ್ಕೇ ನಗು ನುಂಗಿದರು. ಮಾವ ಹಿಂದಕ್ಕೆ ತಿರುಗಲೇ ಇಲ್ಲ. ಸ್ಟೀರಿಂಗಿಗೆ ಹಣೆ ಹಚ್ಚಿ, ತನ್ನ ಆಡಿನ ಮೈ ಸವರುತ್ತ ಕೂತುಬಿಟ್ಟ, ಆಗಲೇ ಬೀಳ್ಕೊಡುವವನಂತೆ.

ಜಿಪಾರ್ ಬಗ್ಗಿ ಆಡಿನ ಹೊಟ್ಟೆಯನ್ನು ನೋಡಿದಳು. ಬೆರಳಲ್ಲಿ ದಾರ ಎಳೆದಳು.

"ಇದನ್ನ ಹೊಲಿದವರು ಯಾರು?"

ಎರ್ಗೆಶ್ ಟೋಪಿ ತೆಗೆದ. "ನಾನೇ, ಅಕ್ಕ."

"ಥೂ. ಒಂದು ಹೊಲಿಗೆ ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ. ಈ ಕೈ ಹಿಡ್ಕೊಂಡು ಬೀಗತೀನ ಆಡ್ಸೋಕೆ ಬಂದ್ಯಾ?" ತಲೆವಸ್ತ್ರದ ತುದಿಯನ್ನು ಬಾಯಿಗೆ ಕಚ್ಚಿ, ಆಡಿನ ಎರಡೂ ಹಿಂಗಾಲು ಹಿಡಿದು, ಅದರ ಮೇಲೆ ಬೂಟುಕಾಲು ಊರಿದಳು. "ಬೀಗರೇ! ಆಡು ನಮ್ಮ ಕೈಲಿದೆ. ಇನ್ನೂ ಏನು ನೋಡ್ತಿದೀರಿ? ಓಡಿಸಿ!"

"ಆಂ?"

"ನಮ್ಮಪ್ಪ ಮೂರು ಕಣಿವೇಲಿ ಹೆಸರಾದ ಆಟಗಾರ. ಹೆಣ್ಣು ಅಂತ ನನ್ನನ್ನ ಬಯಲಿಗೆ ಇಳಿಸ್ಲಿಲ್ಲ. ಓಡಿಸಿ ಅಂದೆ!"

ಎಂಜಿನ್ನಿಗೂ ಅವಳ ದನಿ ತಾಗಿರಬೇಕು. ಹತ್ತಿಕೊಂಡಿತು. ಅಲ್ಲಿಂದಾಚೆ ನಡೆದದ್ದನ್ನು ಓಟ ಎನ್ನಲಾರೆ. ಹಳ್ಳ, ದಿಣ್ಣೆ, ಇಲಿಬಿಲ ಯಾವುದನ್ನೂ ಬಿಡದೆ ಆಡು ಕುಪ್ಪಳಿಸಿತು; ನಾವು ಅದರ ಮೇಲೆ ಕುಪ್ಪಳಿಸಿದೆವು; ನಮ್ಮ ಮೇಲೆ ಇನ್ನೊಂದು ಆಡು ಕುಪ್ಪಳಿಸಿತು. ಹಿಂದೆ ಗೊರಸಿನ ಗುಡುಗು. ಒಬ್ಬ ಸವಾರ ಪಕ್ಕಕ್ಕೆ ಬಂದು ಬಾಗಿ ಕಾಲಿಗೆ ಕೈ ಹಾಕಿದ. ಜಿಪಾರ್ ಅವನ ಕೈ ಮೇಲೆ ಪಟ್ಟೆಂದು ಹೊಡೆದಳು. ಇನ್ನೊಬ್ಬ ಬಂದ. ನಾನು ತೋಳದ ಹಾಗೆ ಊಳಿಟ್ಟೆ, ಈ ಸಲ ಕುದುರೆ ಅರ್ಥಮಾಡಿಕೊಂಡಿತು. ಮಾವ ಮಾತ್ರ ಅಳುದನಿಯಲ್ಲಿ ಗೊಣಗುತ್ತಲೇ ಇದ್ದ: "ಬೀಗರೇ, ನಿಮ್ಮ ಕೋಟು... ಬೀಗರೇ, ನಿಮ್ಮ ಕೂದಲು... ಅಯ್ಯೋ, ನನ್ನ ಗಾಡಿ..."

ಗುಡಾರದ ಮುಂದೆ ಬುರುಲ್ ಅತ್ತೆ ಹೊಸ ಜರಿ ಕೋಟು ತೊಟ್ಟು, ಬಟ್ಟಲಲ್ಲಿ ಕುದುರೆಹಾಲು ಹಿಡಿದು ನಿಂತಿದ್ದಳು. ಪಕ್ಕದಲ್ಲಿ ಮಿರ್ಲಾನ್, ಕೀಗಾಗಿ ಅಂಗೈ ಆಗಲೇ ಅರ್ಧ ಚಾಚಿಕೊಂಡು. ಅವನ ಬೂದು ಕಾರು ಏರು ಹತ್ತಲಾರದೆ ಕೆಳಗೇ ಉಳಿದಿತ್ತು, ಅದು ಬೇರೆ ಮಾತು.

ಜೀಪು ನಿಂತಿತು. ಇಳಿದವಳನ್ನು ಅತ್ತೆ ಗುರುತಿಸಲಿಲ್ಲ. ತಲೆವಸ್ತ್ರ ಕೊರಳಲ್ಲಿ, ಕೂದಲು ಆಕಾಶಕ್ಕೆ, ಮಖಮಲ್ಲಿನ ಬಣ್ಣ ಯಾವುದೆಂದು ಹೇಳಲು ಪಂಡಿತರು ಬೇಕಿತ್ತು. ಅತ್ತೆ ಮೆಲ್ಲಗೆ ಗಂಡನ ಕಡೆ ನೋಡಿದಳು. ಅವನು ಕೀ ಕಳಚಿ ಕೈಯಲ್ಲಿ ಹಿಡಿದ.

"ಸ್ವಲ್ಪ ತಾಳಿ," ಅಂದಳು ಜಿಪಾರ್. "ಹುಡುಗಾ, ಮುಂದಿನ ಕಾಲು ಹಿಡಿ."

ಇಬ್ಬರೂ ಸೇರಿ ತೂಗಿ ಎಸೆದೆವು. ಆಡು ಹೊಸ್ತಿಲಿಗೆ ಬಿದ್ದು, ಅತ್ತೆಯ ಹೊಸ ಬೂಟಿಗೆ ತಾಗಿ ನಿಂತಿತು.

ಅತ್ತೆ ಬಟ್ಟಲನ್ನು ಕೆಳಗಿಟ್ಟಳು. ಹೊಸ್ತಿಲಿಗೆ ಬಂದ ಆಡಿನ ಮುಂದೆ ಬೇರೆ ಯಾವ ಮಾತೂ ನಡೆಯುವುದಿಲ್ಲ. "ಕೇಳಿ ಬೀಗತಿ," ಅಂದಳು ಸಣ್ಣ ದನಿಯಲ್ಲಿ. "ಏನು ಬೇಕು?"

"ನನ್ನ ಮಗಳು ಈ ಮನೆಗೆ ಈ ಗಾಡೀಲೇ ಬರಬೇಕು. ಅವಳ ಮಕ್ಕಳೂ ಇದ್ರಲ್ಲೇ ಕುಣೀಬೇಕು. ಮಾರೋದು, ಬದಲಾಯ್ಸೋದು, ಇನ್ನು ಆ ಮಾತಿಲ್ಲ."

ಮಾವ ಕೀಯನ್ನು ಎಷ್ಟು ಬೇಗ ಜೇಬಿಗಿಳಿಸಿದನೆಂದರೆ, ಮಿರ್ಲಾನನ ಅಂಗೈ ಗಾಳಿಯನ್ನು ಹಿಡಿದುಕೊಂಡಿತು.

"ಮಳೆ ಬಂದ್ರೆ?" ಅತ್ತೆ ಬಿಡಲಿಲ್ಲ. "ನಿಮ್ಮ ಮಗಳು ನೆಂದ್ರೆ?"

"ಛಾವಣಿ ನಾನು ಹೊಲ್ಕೊಡ್ತೀನಿ. ಬಿಚ್ಚೋ ಹಂಗೆ, ಗುಂಡಿ ಹಾಕಿ." ಆಮೇಲೆ ಬೆರಳೆತ್ತಿದಳು. "ಅದರ ಮೇಲೆ ಕುರುತು ಒಣಗಿಸ್ಬೇಡಿ."

ಅಷ್ಟರಲ್ಲಿ ಎರ್ಗೆಶ್ ಮತ್ತು ಅವನ ಪಡೆ ಬಂದು, ಕ್ಷಮೆ ಕೇಳಲೋ ಬಹುಮಾನ ಕೇಳಲೋ ತಿಳಿಯದೆ ಕುದುರೆಗಳ ಹಿಂದೆ ನಿಂತರು. ಶಿಖರದ ಮೋಡವೂ ಬಂತು. ಹನಿ ಶುರುವಾಯಿತು. ಮಾವ ಕೈಗೆ ಸಿಕ್ಕಿದ ರತ್ನಗಂಬಳಿಯನ್ನು ತಲೆಯ ಮೇಲೆತ್ತಿ, ಜೀಪಿನ ನಡುವೆ ನಿಂತು, ತಾನೇ ಛಾವಣಿಯಾದ. ಜಿಪಾರ್ ಮುಖ ಒರೆಸಿಕೊಳ್ಳಲೆಂದು ಜೀಪಿನ ಪಕ್ಕದ ಕನ್ನಡಿಗೆ ಬಗ್ಗಿದಳು. ಅಲ್ಲಿ ಕಂಡದ್ದು ಒಂದು ಧೂಳಿನ ಗುಡ್ಡೆ, ಅದರಲ್ಲಿ ಎರಡು ಕಣ್ಣು, ಕೆಳಗೆ ಮಳೆನೀರು ಬರೆದ ಜೋಡಿ ಮೀಸೆ.

"ಅಪ್ಪಾ!" ಅಂದಳು ಕನ್ನಡಿಗೆ. "ಥೇಟ್ ನಮ್ಮಪ್ಪ!"

ಮೊದಲು ಎರ್ಗೆಶನ ಮೂಗಿನಿಂದ ಒಂದು ಸದ್ದು ಬಂತು. ಆಮೇಲೆ ಸವಾರರು, ಆಮೇಲೆ ನಾನು. ಸೆರಗಿಲ್ಲದ್ದಕ್ಕೆ ತೋಳನ್ನೇ ಬಾಯಿಗೆ ಒತ್ತಿಕೊಂಡು ಅತ್ತೆ. ಗಂಬಳಿ ಹೊತ್ತ ಮಾವ ನಗಲು ಹೋಗಿ ಛಾವಣಿ ಕುಸಿಯಿತು. ಮಳೆ ಜೋರಾಯಿತು. ಆ ಮಳೆಯ ಸದ್ದನ್ನೂ ನಮ್ಮೆಲ್ಲರ ಸದ್ದನ್ನೂ ಮೀರಿಸಿ, ಜೀಪಿನ ಬಾನೆಟ್ಟನ್ನು ಕೈಯಿಂದ ಬಡಿಯುತ್ತ, ಆ ಹಾಳಾದ ಮಖಮಲ್ ಕೋಟಿನಲ್ಲಿ ಜಿಪಾರ್ ನಗುತ್ತಿದ್ದಳು.