ಭಂಡಾರಕ್ಕೆ ಬಿಟ್ಟ ಜಾಗ

"ಮತ್ತ ಜಾರೇತಿ," ಎನ್ನುತ್ತ ದಾನಮ್ಮ ಗಂಡನ ಹೆಗಲ ಮೇಲಿನ ಕರಿಕಂಬಳಿಯನ್ನು ಮೇಲಕ್ಕೆಳೆದಳು. ಪಡಸಾಲೆಯ ಗೋಡೆಗೆ ಆನಿಸಿ ಕೂಡಿಸಿದ್ದ ಹುಲ್ಲಪ್ಪನ ಹೆಣ ವಾಲದಂತೆ ಎದೆಗೆ ಪಂಜೆ ಬಿಗಿದಿದ್ದರು. ಕಂಬಳಿಯ ಅಂಚು ಗಂಟಲ ಕುಳಿ ಮುಟ್ಟಿದ ಮೇಲೆಯೇ ಅವಳು ಕೈಬಿಟ್ಟಳು.

"ಆತ ಎಲ್ಲಾರಿಗೂ ಮಾಡೂದನ್ನ ನೀ ಆತಗ ಮಾಡಾಕತ್ತಿ ನೋಡು," ಎಂದ ನೆರೆಮನೆಯ ಯಂಕಪ್ಪ. "ನನ್ನ ಹೆಲ್ಮೆಟ್ಟಿನ ಪಟ್ಟಿ ಸಡಲ ಐತಿ ಅಂತ ಬಸ್‌ಸ್ಟ್ಯಾಂಡಿನ್ಯಾಗ ನಿಂದ್ರಿಸಿ ಬಿಗದಿದ್ದ. ಬಾದಾಮಿ ದಾಟೂತನಕ ಉಗುಳು ನುಂಗಾಕ ಆಗಿಲ್ಲ ನನಗ!"

ಒಂದಿಬ್ಬರು ನಕ್ಕರು. ಹಿರಿಯ ಕಾಶಪ್ಪ ನಗಲಿಲ್ಲ.

"ಹೊತ್ತು ಇಳೀತು ತಂಗಿ. ಕುಣಿ ತಗದು ಕಾಯಾಕತ್ತಾರ."

"ಶಾರಕ್ಕ ಬರ್ಲಿ, ಕಾಕಾ. ಒಡಹುಟ್ಟಿದಾಕಿ ಒಂದು ಹಿಡಿ ಮಣ್ಣು ಹಾಕಲಿ."

"ಮಗ ಕಲ್ಲೇಶ ಹ್ವಾದಾಗಿಂದ ಈ ಹೊಸ್ತಿಲ ತುಳದಿಲ್ಲ ಆಕಿ. ತಮ್ಮನೇ ನನ್ನ ಮಗನ್ನ ಕೊಂದ ಅಂತ ಹುನಗುಂದ ತುಂಬ ಹೇಳ್ಯಾಳ. ಇವತ್ತ ಬರ್ತಾಳ?"

"ಬರ್ತಾಳ."

ಮುಂಜಾನೆ ಫೋನಿನಲ್ಲಿ ದಾನಮ್ಮ ಒಂದೇ ಮಾತು ಹೇಳಿದ್ದಳು: 'ಕಲ್ಲೇಶನ ಜಾಕೀಟಿನ ಪ್ಲೇಟು ಯಾಕ ಇಳಿಸಿದ್ದ ಅಂತ ಹೇಳ್ತೇನಿ, ಬಾ.' ಆ ಮಾತು ಗಂಡನ ಮೇಲಿನ ಅಪವಾದ ತೊಳೆಯುವಂಥದು. ಆದರೆ ಅದನ್ನು ಯಾರಿಗೂ ಹೇಳಬೇಡವೆಂದು ಅವನೇ ಬೇಡಿಕೊಂಡಿದ್ದ.

*

ದೂರದ ಕಾಡಿನ ಕ್ಯಾಂಪಿನಲ್ಲಿ ಹುಲ್ಲಪ್ಪನ ಕೆಲಸ ಜವಾನರಿಗೆ ಬುಲೆಟ್‌ಪ್ರೂಫ್ ಜಾಕೀಟು ಹೊಂದಿಸಿ ಕೊಡುವುದಾಗಿತ್ತು. ಜಾಕೀಟಿನೊಳಗೆ ಎದೆ ಕಾಯುವ ಪ್ರತಿ ಪ್ಲೇಟನ್ನೂ ಕಿವಿಯ ಹತ್ತಿರ ಹಿಡಿದು ಬೆರಳ ಗೆಣ್ಣಿನಿಂದ ತಟ್ಟುವನು, ಡೊಳ್ಳಿನ ಹದ ಕೇಳುವವನ ಹಾಗೆ. ಒಳಗೆ ಕೂದಲೆಳೆಯ ಬಿರುಕಿದ್ದರೂ ಸದ್ದು ಸತ್ತಿರುತ್ತಿತ್ತು. ಅದನ್ನು ಬದಿಗಿಡುವನು.

ಅಕ್ಕನ ಮಗ ಕಲ್ಲೇಶ ಅದೇ ಕ್ಯಾಂಪಿಗೆ ಬಂದಾಗ, ಇದ್ದುದರಲ್ಲಿ ಚೊಲೋ ಪ್ಲೇಟು ಆರಿಸಿ ತೊಡಿಸಿದ. ಮೇಲಂಚು ಗಂಟಲ ಕುಳಿಗೆ ಬರುವಂತೆ ಹೆಗಲ ಪಟ್ಟಿ ಬಿಗಿದ.

"ಕೂಡು. ಏಳು. ಬಂದೂಕು ಎತ್ತು."

"ಮಾವಾ, ಅವ್ವ ಕೊರಳಿಗೆ ಕಟ್ಟಿದ ಬೀರಪ್ಪನ ಭಂಡಾರದ ಚೀಲ ಇದರ ಬುಡಕ ಸಿಗತೈತಿ."

"ಕಿಸೇದಾಗ ಇಟ್ಗೊ."

"ಬೀರಪ್ಪನ್ನ ಕಿಸೇದಾಗ? ಯಾವುದರ ಬುಡಕೂ ಇರಬಾರದಂತ ಅವ್ವ ಆಣಿ ಹಾಕ್ಯಾಳ. ನೀನೂ ಬೀರಪ್ಪನ ಒಕ್ಕಲಲ್ಲೇನು?"

ಹುಲ್ಲಪ್ಪನ ಕೈ ನಿಂತಿತು. ಪ್ಲೇಟು ಕಾಯುವುದು ಎಷ್ಟು, ದೇವರು ಕಾಯುವುದು ಎಷ್ಟು ಎಂದು ಅಳೆಯುವ ಧೈರ್ಯ ಅವನಿಗಿರಲಿಲ್ಲ. ಪಟ್ಟಿ ಸಡಿಲಿಸಿದ. ಪ್ಲೇಟು ಕೆಳಗಿಳಿಯಿತು. ಕುಳಿಯಲ್ಲಿ ಕೂತ ಅರಿಷಿಣದ ಚೀಲವನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡ.

ಗುಂಡು ಬಂದದ್ದು ಅಲ್ಲಿಗೇ.

ವಿಚಾರಣೆಯಲ್ಲಿ 'ನಾನೇ ಇಳಿಸಿದೆ' ಎಂದಷ್ಟೇ ಹೇಳಿದ. ಊರಿಗೆ ಬಂದು ಹೆಂಡತಿಗೆ ಮಾತ್ರ ಉಳಿದದ್ದನ್ನು ಹೇಳಿದ: "ಅದು ತಾಯಿ ಕೈಯಿಂದ ಕಟ್ಟಿದ ಗಂಟು. ಅಕ್ಕಗ ಗೊತ್ತಾಗಬಾರದು. ನನ್ನ ಬೈಕೋತ ಇದ್ದರ ಆಕಿ ಬದಕಿರತಾಳ."

*

ಹುನಗುಂದದ ಕಡೆಯ ಬಸ್ಸಿಳಿದು ಶಾರವ್ವ ಬಂದಳು. ಅಂಗಳದ ಭಜನೆ ತಾನಾಗಿ ನಿಂತಿತು. ಹೊಸ್ತಿಲಲ್ಲೇ ನಿಂತು ಕೇಳಿದಳು:

"ಹೇಳು. ಯಾಕ ಇಳಿಸಿದ?"

ದಾನಮ್ಮನ ಬಾಯಿ ತೆರೆಯಿತು. ಮಾತು ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಶಾರವ್ವನ ಮುಷ್ಟಿಯಲ್ಲಿದ್ದ ಹಳದಿ ಚೀಲ ಕಂಡಿತು.

"ಇದೇನು ನೋಡ್ತಿ? ಇವನ್ನ ಬೈಕೋತನೇ ಗುಡಿಗೆ ಹೋಗಿದ್ದೆ. ಬೈಕೋತನೇ ಇವಗೂ ಭಂಡಾರ ತಂದೆ. ಹೇಳ ನೀ."

"ಪ್ಲೇಟು ಭಾರ ಆಗಿತ್ತಂತ ಯಕ್ಕಾ," ಎಂದಳು ದಾನಮ್ಮ. "ಹುಡುಗ ದಣದಿದ್ದ. ನೋಡಲಾರದೆ ಸಡಲ ಮಾಡಿದರಂತ."

"ಇಷ್ಟೇನ?"

"ಇಷ್ಟೇ."

"ಥೂ ಹುಚ್ಚಾ," ಶಾರವ್ವ ತಮ್ಮನ ಮುಖಕ್ಕೇ ಹೇಳಿದಳು. "ಅಷ್ಟಕ್ಕ ನನ್ನ ಮಗನ್ನ ಕಳಕೊಂಡ್ಯಾ?"

ಕುಣಿಯ ಬಳಿಯಿಂದ ಯಾರೋ ಕೂಗಿದರು. ಶಾರವ್ವ ಮೊಣಕಾಲೂರಿ ಕೂತು ತಮ್ಮನ ಕೊರಳಿಗೆ ಚೀಲ ಕಟ್ಟಿದಳು. ಕಂಬಳಿಯ ಅಂಚು ಅದರ ಮೇಲೆ ಬಂತು.

"ಯಾರು ಇಷ್ಟು ಮ್ಯಾಲ ಹೊಚ್ಚಿದವರು? ಭಂಡಾರ ಯಾವುದರ ಬುಡಕೂ ಇರಬಾರದು," ಎಂದು ಅಂಚನ್ನು ಎರಡೂ ಕೈಯಿಂದ ಕೆಳಗೆಳೆದಳು.

ಕಂಬಳಿಯನ್ನು ಮತ್ತೆ ಮೇಲಕ್ಕೆಳೆಯಲು ದಾನಮ್ಮನ ಕೈ ತಾನಾಗಿ ಎದ್ದಿತು. ಅರ್ಧದಲ್ಲೇ ನಿಂತಿತು. ಬಯಲಾದ ಗಂಟಲ ಕುಳಿಯಲ್ಲಿ ಹಳದಿ ಚೀಲ ಸರಿಯಾಗಿ ಕೂತಿತ್ತು.