ಕೊನೆಯವಳ ಜಾಕೆಟ್

"ನಾನಿರೋವರೆಗೂ ನೀನು ಕೊನೆಯವಳಾಗಲ್ಲ, ಅತ್ತಿಗೆ. ಇದು ನನ್ನ ಮಾತು."

ಹೀಗಂದಾಗ ನಾದಿನಿಗೆ ಹದಿನೈದು ವರ್ಷ. ಕೈಯಲ್ಲಿ ತನ್ನದೇ ಹಳೆಯ ಶೂ ಜೋಡಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಒಳಗೆ ಮಂಚದ ಮೇಲೆ ಅತ್ತಿಗೆ, ಮಗ್ಗುಲಲ್ಲಿ ಎರಡನೇ ಕೂಸು. ಆ ಕೂಸು ಹುಟ್ಟಿದಂದಿನಿಂದ ಅತ್ತಿಗೆಗೆ ಏನೋ ಆಗಿತ್ತು. ಜ್ವರವಲ್ಲ, ನೋವಲ್ಲ. ಹಾಲು ಕುಡಿಸುತ್ತಿದ್ದಳು, ಬಟ್ಟೆ ಬದಲಾಯಿಸುತ್ತಿದ್ದಳು, ಆಮೇಲೆ ಗೋಡೆ ಕಡೆ ತಿರುಗಿ ಮಲಗಿಬಿಡುತ್ತಿದ್ದಳು. ಗಂಡ ಬಂದರಿನಲ್ಲಿ ಕ್ರೇನ್ ಓಡಿಸುವವನು. ಮನೆಯಷ್ಟು ದೊಡ್ಡ ಪೆಟ್ಟಿಗೆಗಳನ್ನು ಎತ್ತಿ ಇಡುವವನಿಗೆ ಹೆಂಡತಿಯನ್ನು ಮಂಚದಿಂದ ಎಬ್ಬಿಸುವುದು ಹೇಗೆಂದು ಹೊಳೆಯಲಿಲ್ಲ. ಡಾಕ್ಟರು ಕೊಟ್ಟ ಮಾತ್ರೆ ತನ್ನ ಪಾಡಿಗೆ ನಿಧಾನಕ್ಕೆ ಕೆಲಸ ಮಾಡುತ್ತಿತ್ತು.

"ಹೊರಗೆ ಬಂದ್ರೆ ಜನ ನಗ್ತಾರೆ," ಎಂದಳು ಅತ್ತಿಗೆ ಗೋಡೆಗೆ ಹೇಳುವ ಹಾಗೆ. "ನಾನು ಎಲ್ಲರಿಗಿಂತ ಹಿಂದೆ ಬಿದ್ದು, ಒಬ್ಬಳೇ ಉಳಿದುಬಿಡ್ತೀನಿ."

ಆಗಲೇ ಆ ಮಾತು ಬಂದದ್ದು. ಅಲ್ಲಿಯವರೆಗೆ 'ನೀವು' ಎನ್ನುತ್ತಿದ್ದ ಹುಡುಗಿ ಅವತ್ತು ಹೇಳದೆ ಕೇಳದೆ 'ನೀನು'ಗೆ ಇಳಿದಿದ್ದಳು.

ಕೂಸನ್ನು ಗಂಡನ ತೋಳಿಗೆ ದಾಟಿಸಿ ಇಬ್ಬರೂ ದೀಪಸ್ತಂಭದ ತನಕ ಹೋದರು. ಹೋದರು ಎಂದರೆ, ಅರ್ಧ ನಡೆದು, ಕಾಲುಭಾಗ ಓಡಿ, ಉಳಿದದ್ದಕ್ಕೆ ಕೂತರು. ದಾರಿಯುದ್ದಕ್ಕೂ ಬೆನ್ನ ಹಿಂದೆ ಟಪ್ ಟಪ್ ಎಂದು ಇನ್ನೊಂದು ಜೊತೆ ಹೆಜ್ಜೆಯ ಸದ್ದು. ದೀಪಸ್ತಂಭದ ಕಟ್ಟೆಯ ಮೇಲೆ ಕೂತು ಕೆಳಗೆ ಸಮುದ್ರ ನೋಡಿದಾಗ ಅತ್ತಿಗೆಗೆ ಹಸಿವಾಯಿತು. ಎಷ್ಟೋ ದಿನದ ಮೇಲೆ ಆದ ಹಸಿವು. ಅದನ್ನು ಅವಳು ಇವತ್ತಿಗೂ ಮರೆತಿಲ್ಲ.

ಅಲ್ಲಿಂದ ಶುರುವಾದದ್ದು ನಿಲ್ಲಲಿಲ್ಲ. ದೀಪಸ್ತಂಭದಿಂದ ಹಳೆ ಬಂದರಿನವರೆಗೆ ಗುಡ್ಡಗಳ ಅಂಚು ಹಿಡಿದು ಹೋಗುವ ಕಾಲುದಾರಿ ಅದು. ಎಡಕ್ಕೆ ಹುಲ್ಲು, ಬಲಕ್ಕೆ ಸಮುದ್ರ. ಓಡುವವರು ಒಂದೊಂದು ಜಾಗಕ್ಕೂ ಹೆಸರಿಟ್ಟುಕೊಂಡಿದ್ದರು. ಸಮುದ್ರದೊಳಕ್ಕೆ ಚಾಚಿದ ಬಂಡೆ 'ಮೂಗು'. ಅದರಾಚೆಯ ಗೂನು ಗುಡ್ಡ 'ಅಜ್ಜನ ಬೆನ್ನು'. ಕೊಲ್ಲಿಯಿಂದ ಮೇಲಕ್ಕೆ ಹತ್ತುವ ಕಡಿದಾದ ಮೆಟ್ಟಿಲು 'ಏಣಿ'. ಅತ್ತಿಗೆ ಆಸ್ಪತ್ರೆಯ ಲಾಂಡ್ರಿ ಕೆಲಸಕ್ಕೆ ಮರಳಿದಳು. ದಿನವಿಡೀ ಬಿಸಿ ಹಬೆಯಲ್ಲಿ ಹಾಸಿಗೆ ಬಟ್ಟೆ ಮಡಚಿ ಗಂಟು ಕಟ್ಟಿ, ರಜೆಯ ಬೆಳಗ್ಗೆ ಆ ದಾರಿಗೆ ಇಳಿಯುತ್ತಿದ್ದಳು. ಓಟದ ಗುಂಪಿನಲ್ಲಿ ಬಿಳಿ ಗಡ್ಡದವರೂ ಅವಳನ್ನು 'ಅತ್ತಿಗೆ' ಎಂದೇ ಕರೆಯುತ್ತಿದ್ದರು. ನಾದಿನಿಗೆ 'ಚಿಗರೆ' ಎಂಬ ಹೆಸರು ಬಿದ್ದಿತ್ತು. ಆ ಗುಂಪಿನಲ್ಲಿ ಅವಳನ್ನು ಹಿಡಿಯುವವರೇ ಇರಲಿಲ್ಲ. ಆದರೂ ಪ್ರತಿ ಪಂದ್ಯದಲ್ಲಿ ಚಿಗರೆಗೆ ಲೇಸು ಬಿಚ್ಚಿಕೊಳ್ಳುತ್ತಿತ್ತು, ಇಲ್ಲವೇ ಪಕ್ಕೆ ಹಿಡಿದುಕೊಳ್ಳುತ್ತಿತ್ತು, ಇಲ್ಲವೇ ಯಾವುದೋ ಹಕ್ಕಿಯ ಫೋಟೋ ತೆಗೆಯಬೇಕಾಗುತ್ತಿತ್ತು. ಕೊನೆಗೆ ಅತ್ತಿಗೆ ಗೆರೆ ದಾಟಿದ ಮೇಲೆಯೇ ಅವಳು ದಾಟುವುದು.

"ಇವಳ ಲೇಸಿಗೆ ಒಂದು ಬೀಗ ಹಾಕಿಸ್ರಮ್ಮ," ಎಂದು ಪಂದ್ಯ ನಡೆಸುವ ಸೀಟಿ ಮೇಷ್ಟ್ರು ರೇಗಿಸುತ್ತಿದ್ದರು. ಶಾಲೆಯಲ್ಲಿ ಆಟ ಹೇಳಿಕೊಡುತ್ತಿದ್ದವರು, ನಿವೃತ್ತರಾದರೂ ಕೊರಳಿನ ಸೀಟಿ ಇಳಿಸಿರಲಿಲ್ಲ.

ಹಾಗೇ ವರ್ಷಗಳು ಹೋದವು. ಈ ಸಲ ಮಾತ್ರ ಪಂದ್ಯದ ಬಣ್ಣವೇ ಬೇರೆ. ಹುಡುಗಿಯರಲ್ಲಿ ಮೊದಲ ಆರು ಮಂದಿಗೆ ಕಿರಿಯರ ಗುಡ್ಡ ಓಟದ ತಂಡದಲ್ಲಿ ಜಾಗ. ಚಿಗರೆಗೆ ವಯಸ್ಸಿನ ಮಿತಿಯೊಳಗೆ ಇದೇ ಕಡೆಯ ವರ್ಷ.

"ಈ ಸಲ ನಾನು ಓಡಲ್ಲ," ಎಂದಳು ಅತ್ತಿಗೆ ಪಾತ್ರೆ ತೊಳೆಯುತ್ತಾ.

"ಸರಿ, ನಾನೂ ಓಡಲ್ಲ." ನಾದಿನಿ ಪಾತ್ರೆ ಒರೆಸುತ್ತಿದ್ದಳು.

"ತಲೆ ಕೆಟ್ಟಿದೆಯಾ ನಿಂಗೆ?"

"ನೀನು ಮನೇಲಿ ಕೂತ್ರೆ ಮತ್ತೆ ಗೋಡೆ ನೋಡೋಕೆ ಶುರು ಮಾಡ್ತೀಯ. ನಂಗೊತ್ತಿಲ್ವಾ?"

"ಹಾಗಾದ್ರೆ ನಾನು ಓಡ್ತೀನಿ, ನೀನು ಮುಂದೆ ಹೋಗು."

"ಮಾತು ಅಂದ್ರೆ ಮಾತು. ಆ ತಟ್ಟೆ ಕೊಡು ಇಲ್ಲಿ."

ಒಂದು ಸಲ ಪಟ್ಟು ಹಿಡಿದರೆ ಸಡಿಲಿಸದ ಮನೆತನ ಅದು. ಆ ಮನೆಯ ಮಗನನ್ನೇ ಕಟ್ಟಿಕೊಂಡ ಅತ್ತಿಗೆಗೆ ಅದು ಗೊತ್ತಿಲ್ಲದ್ದೇನಲ್ಲ. ಅವಳು ತಟ್ಟೆ ಕೊಟ್ಟಳು. ಮಾರನೆಯ ದಿನ ಲಾಂಡ್ರಿಯಿಂದ ನೇರ ಸೀಟಿ ಮೇಷ್ಟ್ರ ಮನೆಗೆ ಹೋದಳು.

ಗುಡ್ಡದ ದಾರಿಯ ಪಂದ್ಯಕ್ಕೆ ಮುನ್ನಾದಿನ ಗಿಡಗಂಟಿಗಳಿಗೆ ಕೆಂಪು ಟೇಪು ಕಟ್ಟಿ ದಾರಿ ಗುರುತು ಮಾಡುತ್ತಾರೆ. ಪಂದ್ಯದ ದಿನ ಎಲ್ಲರ ಹಿಂದೆ ಒಬ್ಬರು ಬರುತ್ತಾರೆ. ಅವರಿಗೆ 'ಗುಡಿಸುವವರು' ಎಂದು ಹೆಸರು. ಸುಸ್ತಾದವರನ್ನು ಕರೆತರುವುದು, ಟೇಪುಗಳನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಳ್ಳುವುದು ಅವರ ಕೆಲಸ. ಅವರು ಯಾರನ್ನಾದರೂ ದಾಟಿ ಮುಂದೆ ಹೋದರೋ, ಹಿಂದೆ ಬಿದ್ದವರು ಪಂದ್ಯದಿಂದ ಹೊರಗೆ. ದಾರಿಯ ಗುರುತೇ ಇಲ್ಲದ ಮೇಲೆ ಯಾರನ್ನೂ ಗುಡ್ಡದ ಮೇಲೆ ಬಿಡುವ ಹಾಗಿಲ್ಲವಲ್ಲ.

"ಆ ಕೆಲಸಕ್ಕೆ ಯಾರೂ ಮುಂದೆ ಬರಲ್ಲ ಕಣಮ್ಮ," ಎಂದರು ಮೇಷ್ಟ್ರು ಅನುಮಾನದಿಂದ. "ಮೆಡಲ್ಲೂ ಇಲ್ಲ, ಮಣ್ಣೂ ಇಲ್ಲ."

"ಗುಡಿಸುವವರು ಹಾಕೋ ಜಾಕೆಟ್ ಇದೆಯಲ್ಲ, ಅದು ಕೊಡಿ ಸಾಕು. ಅವಳಿಗೆ ಮಾತ್ರ ಹೇಳ್ಬೇಡಿ."

ಪಂದ್ಯದ ಬೆಳಗ್ಗೆ ದೀಪಸ್ತಂಭದ ಕೆಳಗೆ ಅತ್ತಿಗೆ ಸ್ವೆಟರ್ ಕಳಚಿದಾಗ ಒಳಗಿನ ಕಿತ್ತಳೆ ಜಾಕೆಟ್ ಕಂಡಿತು. ಬೆನ್ನ ಮೇಲೆ ಗುಂಡಗಿನ ದಪ್ಪ ಅಕ್ಷರದಲ್ಲಿ 'ಕೊನೆ' ಎಂದು ಬರೆದಿತ್ತು. ಚಿಗರೆ ಕಣ್ಣು ಕಣ್ಣು ಬಿಟ್ಟಳು. ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರು ಬೇಕೆಂದೇ ಎರಡು ಕ್ಷಣ ಮುಂಚೆ ಸೀಟಿ ಊದಿಬಿಟ್ಟರು. ಗುಂಪು ಅವಳನ್ನು ನೂಕಿಕೊಂಡು ಹೊರಟಿತು.

ಅತ್ತಿಗೆಯ ಮುಂದೆ ಉಳಿದವರು ಹಲ್ಲಿನ ಡಾಕ್ಟರೊಬ್ಬರೇ. ದಪ್ಪ ಆಳು, ಬಾಯಿ ಮಾತ್ರ ಚುರುಕು.

"ಅತ್ತಿಗೆ, ಹೋದ ವರ್ಷ ನಿಮ್ಮ ಹಿಂದೆ ಬಿದ್ದಿದ್ದೆ. ಈ ಸಲ ನಿಮ್ಮನ್ನ ಸೋಲಿಸ್ದೆ ನೋಡಿ!"

"ಅದಕ್ಕೇ ಡಾಕ್ಟ್ರೇ, ನಿಮ್ಮ ಆಸೆ ತೀರಿಸೋಣ ಅಂತಲೇ ಈ ಜಾಕೆಟ್ ಹಾಕ್ಕೊಂಡೆ."

ಮೊದಲ ಟೇಪಿನ ತುದಿ ಹಿಡಿದು ಎಳೆದಳು. ಅದು ಸರ್ರನೆ ಬಿಚ್ಚಿಕೊಂಡಿತು. ಅತ್ತಿಗೆ ಒಬ್ಬಳೇ ನಕ್ಕಳು. ನಿನ್ನೆ ಟೇಪು ಕಟ್ಟಲು ಹೋಗಿದ್ದವಳು ನಾದಿನಿ. ಒಂದು ತುದಿ ಎಳೆದರೆ ಪೂರ್ತಿ ಬಿಚ್ಚಿಕೊಳ್ಳುವ ಈ ಗಂಟು ಲಾಂಡ್ರಿಯ ಗಂಟು, ಇವಳೇ ಅವಳಿಗೆ ಕಲಿಸಿದ್ದು. ಬಿಚ್ಚುವವರ ಬೆರಳು ನೋಯದಿರಲಿ ಎಂದು ಪ್ರತಿ ಗಿಡಕ್ಕೂ ಹಾಗೇ ಕಟ್ಟಿದ್ದಾಳೆ. ಬಿಚ್ಚುವವಳು ಯಾರೆಂದು ಗೊತ್ತಿಲ್ಲದೆಯೇ.

ಮೂಗು ದಾಟುವ ಮುಂಚೆ ಒಂದು ದೊಡ್ಡ ಬಂಡೆಯಿದೆ. ಡಾಕ್ಟರು ಏದುಸಿರು ಬಿಡುತ್ತಾ ಅದನ್ನು ದಾಟಿ ಹೋದರು. ಅತ್ತಿಗೆ ಅಲ್ಲಿನ ಟೇಪಿಗೆ ಕೈ ಹಾಕುವಷ್ಟರಲ್ಲಿ ಬಂಡೆಯ ಮರೆಯಿಂದ ಒಂದು ನೀಲಿ ಶೂ ಕಂಡಿತು.

"ಎದ್ದು ಬಾ," ಎಂದಳು.

ಚಿಗರೆ ಮಂಡಿ ತಬ್ಬಿಕೊಂಡು ಕೂತಿದ್ದಳು. "ಲೇಸು ಬಿಚ್ಕೊಂಡಿದೆ."

"ನಿನ್ನ ಶೂಗೆ ಈ ಸಲ ಲೇಸೇ ಇಲ್ಲ. ವೆಲ್ಕ್ರೋ ಪಟ್ಟಿ. ನಾನೇ ಕೊಡ್ಸಿದ್ದು."

"ನೀನು ದಾಟು ಅತ್ತಿಗೆ. ನಾನು ಹಿಂದೇನೇ ಬರ್ತೀನಿ."

"ದಾಟಿದ್ರೆ ನೀನು ಪಂದ್ಯದಿಂದ ಹೊರಗೆ."

"ಹೋದ್ರೆ ಹೋಗ್ಲಿ. ನಂಗೆ ಮೋಸ ಮಾಡಿದೆ ನೀನು. ಮೇಷ್ಟ್ರೂ ಸೇರ್ಕೊಂಡಿದ್ದಾರೆ."

ಮುಂದಿನವರು ಆಗಲೇ ಅಜ್ಜನ ಬೆನ್ನಿನ ಮೇಲೆ ಇರುವೆಗಳಂತೆ ಕಾಣುತ್ತಿದ್ದರು. ಆದರೂ ಅವಳು ಟೇಪಿನ ತುದಿ ಹಿಡಿದು ನಿಂತೇ ಇದ್ದಳು, ಬಂಡೆಯ ಈಚೆಗೆ. ಗಾಳಿಗೆ ಟೇಪು ಪಟಪಟ ಬಡಿಯುತ್ತಿತ್ತು.

"ನೀನು ಏಳೋವರೆಗೂ ಈ ಬಂಡೆ ದಾಟಲ್ಲ. ಸಂಜೆ ಆಗಲಿ, ಸಮುದ್ರ ಇಲ್ಲಿಗೇ ಬರಲಿ. ಪಟ್ಟು ಹಿಡಿಯೋದು ನಿಮ್ಮನೆಯವರಿಂದಲೇ ಕಲ್ತಿದ್ದೀನಿ."

ನಾದಿನಿ ಮೂಗು ಎಳೆದಳು. "ಮಾತು ಕೊಟ್ಟಿದ್ದೀನಿ..."

"ಆ ಮಾತು ಹಿಡ್ಕೊಂಡೇ ಕಣೇ ನಾನು ಮಂಚದಿಂದ ಎದ್ದದ್ದು. ನಿನ್ನ ಅಣ್ಣ ಇದ್ದ, ಮಾತ್ರೆ ಕೊಡೋ ಡಾಕ್ಟ್ರು ಇದ್ರು, ಎಲ್ಲಾ ಇದ್ರು. ಬೆನ್ನ ಹಿಂದೆ ಸದ್ದು ಮಾಡ್ಕೊಂಡು ಬಂದವಳು ನೀನೊಬ್ಬಳೇ. ಅವತ್ತು ಕೊನೆ ಅಂದ್ರೆ ನಂಗೆ ಭಯ. ಈಗ ನೋಡಿಲ್ಲಿ." ತಿರುಗಿ ಬೆನ್ನು ತೋರಿಸಿದಳು. "ಅಕ್ಷರದಲ್ಲಿ ಬರೆಸ್ಕೊಂಡು ಊರಿಗೆಲ್ಲ ತೋರಿಸ್ತಾ ಬರ್ತಿದ್ದೀನಿ. ಇದಕ್ಕಿಂತ ಇನ್ನೇನು ಬೇಕು ನಿಂಗೆ?"

ಬೆನ್ನ ಹಿಂದೆ ಮೊದಲು ಅಳುವೋ ನಗುವೋ ಗೊತ್ತಾಗದಂಥ ಸದ್ದು. ಆಮೇಲೆ, "ಗುಂಡಗೆ ಬರೆದಿದ್ದಾರೆ, ಥೇಟ್ ಇಡ್ಲಿ ತರ. ಅಸಹ್ಯವಾಗಿದೆ ಅತ್ತಿಗೆ ಆ ಅಕ್ಷರ."

"ಇರ್ಲಿ. ಕಾಲಿಗೆ ಬುದ್ಧಿ ಹೇಳು ಈಗ."

ಚಿಗರೆ ಎದ್ದಳು. ಅತ್ತಿಗೆಯ ಕೆನ್ನೆಗೆ ತನ್ನ ಒದ್ದೆ ಕೆನ್ನೆ ಒತ್ತಿ ಓಡಿದಳು. ಓಟವೆಂದರೆ ಅದು! ಇಷ್ಟು ವರ್ಷ ಜೊತೆಗಿದ್ದೂ ಅತ್ತಿಗೆ ಅವಳ ನಿಜವಾದ ಓಟ ನೋಡಿಯೇ ಇರಲಿಲ್ಲ. ಹಿಂದೆ ಇರುವವಳನ್ನು ನೋಡುವುದಾದರೂ ಹೇಗೆ? ಡಾಕ್ಟರನ್ನು ಸುಯ್ಯನೆ ದಾಟಿದಳು. ಅಜ್ಜನ ಬೆನ್ನಿನ ಮೇಲೆ ಒಂದು ನೀಲಿ ಚುಕ್ಕೆ ಒಬ್ಬೊಬ್ಬರನ್ನೇ ಹಿಂದೆ ಹಾಕುತ್ತಾ ಏರಿತು, ಆಚೆ ಇಳಿದು ಮಾಯವಾಯಿತು.

"ಯಾರ್ರೀ ಅದು? ಗಾಳಿನಾ?" ಎಂದರು ಡಾಕ್ಟರು.

"ನಮ್ಮ ಮನೆಯವಳು," ಎಂದಳು ಅತ್ತಿಗೆ.

ಉಳಿದ ದಾರಿಯಲ್ಲಿ ಅವಳಿಗೆ ಅವಸರವಿರಲಿಲ್ಲ. ಒಂದೊಂದು ಟೇಪು ಬಿಚ್ಚಿದಾಗಲೂ ಒಂದೊಂದು ನೆನಪು ಕೈಗೆ ಬಂತು. ಇಲ್ಲಿ ಅತ್ತಿಗೆಯ ಕಾಲು ಉಳುಕಿದಾಗ ನಾದಿನಿ ತನ್ನ ಕಾಲುಚೀಲ ಬಿಚ್ಚಿ ಸುತ್ತಿದ್ದಳು. ಈ ಏಣಿಯಲ್ಲಿ, 'ಇನ್ನು ನಾಲ್ಕೇ ಮೆಟ್ಟಿಲು' ಎಂದು ಮೇಲೆ ಮುಟ್ಟುವವರೆಗೂ ಸುಳ್ಳು ಹೇಳಿದ್ದಳು. ಈ ಗೇಟಿನ ಹತ್ತಿರ ಒಂದು ದಿನ ಇಬ್ಬರೂ ಒಂದು ಹಡಗು ಮರೆಯಾಗುವವರೆಗೆ ನಿಂತಿದ್ದರು. ಬೆನ್ನ ಹಿಂದೆ ಇವತ್ತು ಹೆಜ್ಜೆ ಸದ್ದಿಲ್ಲ. ಬರೀ ಅಲೆ. ಅತ್ತಿಗೆ ಒಮ್ಮೆ ತಿರುಗಿ ನೋಡಿದಳು. ಗುರುತೆಲ್ಲ ಬಿಚ್ಚಿದ ಖಾಲಿ ಗುಡ್ಡ, ಬಿಸಿಲು. ಭಯವಾಗಲಿಲ್ಲ. ಹಸಿವಾಯಿತು. ಡಾಕ್ಟರ ಹತ್ತಿರ ಒಂದು ಬಿಸ್ಕತ್ತು ಕೇಳಿ ತಿಂದಳು.

"ಸಿಹಿ ತಿಂದ್ರೆ ಹಲ್ಲು ಹುಳುಕಾಗುತ್ತೆ," ಎನ್ನುತ್ತಾ ಅವರು ಇನ್ನೊಂದನ್ನು ತಾವೇ ಬಾಯಿಗೆ ಹಾಕಿಕೊಂಡರು.

ಬಂದರಿನ ಗೆರೆ ಕಂಡಾಗ ಗುಂಪು ಹೆಚ್ಚೂಕಡಿಮೆ ಚದುರಿತ್ತು. ಗಂಡ ಇಬ್ಬರು ಮಕ್ಕಳನ್ನು ಗೋಡೆಯ ಮೇಲೆ ಕೂರಿಸಿಕೊಂಡಿದ್ದ. ಚಿಕ್ಕವನು ಐದು ಬೆರಳು ಅಗಲಿಸಿ ಕೈ ಆಡಿಸುತ್ತಾ, "ಅಮ್ಮಾ, ಅತ್ತೆ ಐದನೆಯವಳು! ಐದು!" ಎಂದು ಕಿರುಚಿದ. ಹುಟ್ಟಿದ ದಿನಗಳಲ್ಲಿ ಅವಳು ಸರಿಯಾಗಿ ನೋಡಿರದ ಮುಖ ಅದೇ. ಅತ್ತಿಗೆಗೆ ಕಣ್ಣು ಮಂಜಾಯಿತು.

ಅಷ್ಟರಲ್ಲಿ ಚಿಗರೆ ಬರಿಗಾಲಲ್ಲಿ ಗೆರೆ ದಾಟಿ ಈಚೆಗೆ ಓಡಿ ಬಂದಳು. ಮಂಡಿ ತರಚಿ ರಕ್ತ ಒಣಗಿತ್ತು. ಅತ್ತಿಗೆಯ ಬೆನ್ನ ಹಿಂದಕ್ಕೆ ಸುತ್ತಿ ಬರಲು ನೋಡಿದಳು.

ಅತ್ತಿಗೆ ಅವಳ ರಟ್ಟೆ ಹಿಡಿದು ನಿಲ್ಲಿಸಿದಳು. "ನಿನ್ನದು ಮುಗೀತು, ಪುಟ್ಟಿ. ಆಚೆ ಹೋಗಿ ನಿಂತ್ಕೋ. ನಂಗೋಸ್ಕರ ಒಂದು ಸಲ ಮುಂದೆ ನಿಂತು ಕಾಯಿ."

ನಾದಿನಿ ಅವಳನ್ನೇ ನೋಡಿದಳು. ಆಮೇಲೆ ಹೋಗಿ ಗೆರೆಯ ಆಚೆ ನಿಂತಳು.

ಡಾಕ್ಟರು ಎರಡೂ ಕೈ ಎತ್ತಿಕೊಂಡು ಗೆರೆ ದಾಟಿದರು. ಅತ್ತಿಗೆ ಕಂಬದ ಮೇಲಿದ್ದ ಕಡೆಯ ಟೇಪಿನ ತುದಿ ಎಳೆದಳು, ಅದನ್ನು ಚೀಲಕ್ಕೆ ಹಾಕಿದಳು, ಗೆರೆ ದಾಟಿದಳು. ಅವಳ ಹಿಂದೆ ಯಾರೂ ಇರಲಿಲ್ಲ. ನಾದಿನಿ ಕೊಟ್ಟ ಮಾತು ಅಲ್ಲಿಗೆ ಮುರಿಯಿತು.